ಅತ್ತೆ ಕೊಟ್ಟ ವಾರಗಳು

ನನ್ನ ಅತ್ತೆ ನನಗೆ ಮೊದಲು ಕೊಟ್ಟದ್ದು ಶನಿವಾರ.

ಆಗ ಅವರ ಮೊಣಕಾಲು ಪೂರ್ತಿ ಸೋತಿರಲಿಲ್ಲ. ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಿದ್ದರು, ಪಡಸಾಲೆಯಲ್ಲಿ ಕೂತು ಮಗ್ಗಕ್ಕೆ ಬೇಕಾದ ನೂಲನ್ನು ಕಂಡಿಕೆಗೆ ಸುತ್ತುತ್ತಿದ್ದರು. ಆದರೆ ಬನಹಟ್ಟಿಯ ನಮ್ಮ ಓಣಿ ದಾಟಿ ಊರ ಹೊರಗಿನ ಹನುಮಪ್ಪನ ಗುಡಿಯವರೆಗೆ ನಡೆಯುವುದು ಅವರಿಂದ ಆಗುತ್ತಿರಲಿಲ್ಲ. ಒಂದು ಶನಿವಾರ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದಾಗ ಎಳ್ಳೆಣ್ಣೆಯ ಸಣ್ಣ ಬಾಟಲಿ ತಂದು ನನ್ನ ಚೀಲದೊಳಗೆ ಇಟ್ಟರು.

"ಇವತ್ತ ಹನಮಪ್ಪಗ ನೀ ಎಣ್ಣಿ ಹಾಕಿ ಬಾ ಬೇ. ನನ್ನ ಕಾಲ ಒಲ್ಲೆ ಅನ್ನಾಕತ್ತಾವ."

"ಸಂಜಿಮುಂದ ಬಸ್ಸಿಳದ ಹಂಗ ಹೋಗಿ ಬರತೇನ್ರಿ."

"ಹೋಗು. ಮತ್ತ ಅಲ್ಲೀತನಕ ಒಪ್ಪತ್ತ ಇರು. ಉಂಡ ಹೊಟ್ಟಿಲೆ ಎಣ್ಣಿ ಹಾಕಬಾರದು."

ಡಬ್ಬಿಯಲ್ಲಿ ಕಟ್ಟಿಕೊಂಡಿದ್ದ ರೊಟ್ಟಿ-ಪಲ್ಯವನ್ನು ತೆಗೆದು ಅಡುಗೆಮನೆಯಲ್ಲಿಟ್ಟು ಹೋದೆ. ಒಂದು ದಿನದ ಮಾತು ಅಂದುಕೊಂಡಿದ್ದೆ. ಮುಂದಿನ ಶನಿವಾರವೂ ಬಾಟಲಿ ನನ್ನ ಚೀಲದಲ್ಲಿತ್ತು. ಆಮೇಲೆ ಅವರು ಹೇಳುವುದನ್ನೂ ಬಿಟ್ಟರು, ನಾನು ಕೇಳುವುದನ್ನೂ ಬಿಟ್ಟೆ.

ನಮ್ಮ ಕಡೆ ಇದಕ್ಕೆ ವಾರ ಹಿಡಿಯುವುದು ಅನ್ನುತ್ತಾರೆ. ಯಾವ ದೇವರ ವಾರವೋ ಆ ದಿನ ತಲೆ ಮೇಲೆ ನೀರು ಹಾಕಿಕೊಂಡು, ಗುಡಿಗೆ ಹೋಗಿಯೋ ಮನೆಯಲ್ಲೇ ದೀಪ ಹಚ್ಚಿಯೋ, ಒಂದೇ ಹೊತ್ತು ಉಣ್ಣುವುದು. ಬೀಳಗಿಯಲ್ಲಿ ನನ್ನ ತವರಿನಲ್ಲಿ ಅವ್ವ ಹಿಡಿದಿದ್ದು ಶುಕ್ರವಾರ ಒಂದೇ. ಅದೂ ಹೊಸ್ತಿಲು ತೊಳೆದು ಕುಂಕುಮ ಇಟ್ಟು, ಲಕ್ಷ್ಮಿಯ ಮುಂದೆ ದೀಪ ಹಚ್ಚಿದರೆ ಮುಗಿಯಿತು. ಮಧ್ಯಾಹ್ನ ಎಲ್ಲರ ಜೊತೆ ಕೂತು ಉಣ್ಣುತ್ತಿದ್ದಳು. ಅತ್ತೆಯ ಮನೆಗೆ ಬಂದ ಮೇಲೆ ನೋಡಿದೆ, ಇವರಿಗೆ ಸೋಮವಾರ ಈಶ್ವರ, ಮಂಗಳವಾರ ದ್ಯಾಮವ್ವ, ಗುರುವಾರ ದತ್ತ, ಶುಕ್ರವಾರ ಮನೆದೇವರು ಬನಶಂಕರಿ, ಶನಿವಾರ ಹನುಮಪ್ಪ. ಬುಧವಾರ, ರವಿವಾರ ಬಿಟ್ಟರೆ ಉಳಿದೆಲ್ಲ ದಿನಕ್ಕೂ ಒಬ್ಬೊಬ್ಬರು. ಅತ್ತೆ ಅದನ್ನೆಲ್ಲ ಏನೂ ಶ್ರಮವಿಲ್ಲದವರ ಹಾಗೆ ಮಾಡಿಕೊಂಡು ಹೋಗುತ್ತಿದ್ದರು. ಉಪವಾಸದ ದಿನವೇ ಅವರ ಕೈ ಕಂಡಿಕೆಯ ಮೇಲೆ ಇನ್ನಷ್ಟು ಚುರುಕಾಗಿ ಓಡುತ್ತಿತ್ತು.

ನಾನು ನರ್ಸು. ಮುಧೋಳ ದಾಟಿ ಲೋಕಾಪುರದ ಕಡೆ ಹೋಗುವ ರಸ್ತೆಯಲ್ಲಿ ಒಂದು ಹಳ್ಳಿಯ ಸರಕಾರಿ ದವಾಖಾನೆಯಲ್ಲಿ ಕೆಲಸ. ಬನಹಟ್ಟಿಯಿಂದ ಮುಧೋಳಕ್ಕೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಕಬ್ಬಿನ ಹಂಗಾಮಿನಲ್ಲಿ ಸಮೀರವಾಡಿಯ ಕಡೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಸಾಲುಗಟ್ಟಿದರೆ ಬಸ್ಸು ಆಮೆಯ ಹಾಗೆ ತೆವಳುತ್ತದೆ. ಸಕ್ಕರೆ ಕಾರ್ಖಾನೆಯ ಬೆಲ್ಲ ಹುಳಿತಂಥ ವಾಸನೆ ಕಿಟಕಿಯಿಂದ ಒಳಗೆ ಬರುತ್ತದೆ. ಹೊಟ್ಟೆ ತುಂಬಿದ್ದಾಗ ಆ ವಾಸನೆ ಗೊತ್ತೇ ಆಗುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ಅದು ಗಂಟಲಿನವರೆಗೆ ಬಂದು ಕೂರುತ್ತದೆ. ಶನಿವಾರ ಸಂಜೆ ವಾಪಸು ಬರುವಾಗ ಸೀರೆಯ ಸೆರಗನ್ನು ಮೂಗಿಗೆ ಒತ್ತಿಕೊಂಡು ಕೂರುವುದು ರೂಢಿಯಾಯಿತು.

ಮರುವರ್ಷ ಸೋಮವಾರ ಬಂತು. ಈಶ್ವರನ ಗುಡಿಯ ಮೆಟ್ಟಿಲು ಎತ್ತರ, ಅತ್ತೆಗೆ ಹತ್ತಲು ಆಗದು. ಆಮೇಲೆ ಒಂದು ಮಳೆಗಾಲದಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಅವರ ಸೊಂಟದ ಎಲುಬು ಮುರಿಯಿತು. ಜಮಖಂಡಿಯ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಎಚ್ಚರ ಬಂದ ಮೇಲೆ ಅವರು ಕೇಳಿದ ಮೊದಲ ಮಾತು ನೋವಿನದಲ್ಲ.

"ಇವತ್ತ ಮಂಗಳಾರ ಅಲ್ಲೇನು?"

"ಹೌದ್ರಿ ಅತ್ತಿ. ಸುಮ್ನ ಮಲಗ್ರಿ."

"ದ್ಯಾಮವ್ವಗ ಯಾರ ಉಡಿ ತುಂಬ್ತಾರು?"

ಪಕ್ಕದ ಮಂಚದ ಹೆಂಗಸು ನಮ್ಮ ಕಡೆ ತಿರುಗಿ ನೋಡುತ್ತಿದ್ದಳು. ಅತ್ತೆಯ ಕಣ್ಣಲ್ಲಿ ನೀರು ತುಂಬಿತ್ತು. ಬಿದ್ದು ಎಲುಬು ಮುರಿದಾಗಲೂ ಅವರು ಅತ್ತಿರಲಿಲ್ಲ.

"ನಾ ತುಂಬ್ತೇನ್ರಿ" ಅಂದೆ.

"ಬೇಸ್ತಾರ?"

"ಅದೂ ನಾನ ಹಿಡೀತೇನಿ. ಸುಕ್ಕರಾರನೂ ಹಿಡೀತೇನಿ. ನೀವು ಕಣ್ಣ ಮುಚ್ಚರಿ."

ಅವರು ಕಣ್ಣು ಮುಚ್ಚಿದರು. ಆ ಹೊತ್ತಿಗೆ ಅವರಿಗೆ ನಿದ್ದೆ ಬರಲಿ ಎಂಬುದೊಂದೇ ನನಗೆ ಬೇಕಾಗಿತ್ತು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಕೂತು ನನ್ನ ಬೆನ್ನೂ ಸೆಟೆದುಹೋಗಿತ್ತು. ಅತ್ತೆ ಮನೆಗೆ ಬಂದ ಮೇಲೆ ಗೋಡೆ ಹಿಡಿದೂ ನಡೆಯದಾದರು, ಕೂತಲ್ಲೇ ಸರಿದುಕೊಂಡು ಹೋಗುವಂತಾದರು. ಐದೂ ವಾರ ನನ್ನವಾದವು.

ಅಲ್ಲಿಂದ ಮುಂದಿನ ದಿನಗಳು ನನಗೆ ಬೇರೆ ಬೇರೆಯಾಗಿ ನೆನಪಿಲ್ಲ. ಕತ್ತಲಿದ್ದಾಗಲೇ ಏಳುವುದು, ತಣ್ಣೀರು, ಒದ್ದೆ ಕೂದಲನ್ನು ಗಂಟು ಕಟ್ಟಿ ದೇವರ ಮುಂದೆ ಕೂರುವುದು. ಗೋಡೆಯಾಚೆ ನನ್ನ ಯಜಮಾನರ ಪಾವರ್‌ಲೂಮುಗಳು. ಕರೆಂಟು ಬಂದ ಕೂಡಲೇ ಅವು ಖಟಾಖಟ್ ಶುರುವಾಗುತ್ತವೆ, ದೇವರ ಮುಂದಿನ ತಾಮ್ರದ ತಂಬಿಗೆಯ ನೀರು ಸಣ್ಣಗೆ ನಡುಗುತ್ತದೆ. ಅತ್ತೆಗೆ ಬಿಸಿನೀರು, ಅವರ ಮೈ ಒರೆಸುವುದು, ಅವರಿಗೂ ಯಜಮಾನರಿಗೂ ನಾಷ್ಟಾ, ಮಧ್ಯಾಹ್ನದ ಅಡುಗೆ. ನನಗೆ ಚಹಾ. ಬಸ್ಸಿನಲ್ಲಿ ಸೀಟು ಸಿಕ್ಕರೆ ಮಹಾಲಿಂಗಪುರ ಬರುವಷ್ಟರಲ್ಲಿ ನಿದ್ದೆ. ಸಿಗದಿದ್ದರೆ ಕಂಬ ಹಿಡಿದು ನಿಂತಲ್ಲೇ ತೂಕಡಿಕೆ. ಯಾವ ದಿನ ಯಾವ ಹೂವು, ಯಾವುದಕ್ಕೆ ಬೆಲ್ಲ, ಯಾವುದಕ್ಕೆ ಕಡಲೆ ಎಂಬುದೆಲ್ಲ ಕೈಗೆ ಬಂದುಬಿಟ್ಟಿತ್ತು. ಮನಸ್ಸು ಎಲ್ಲೋ ಇರುತ್ತಿತ್ತು. ಭಕ್ತಿ ಇತ್ತೇ ಅಂತ ಯಾರಾದರೂ ಕೇಳಿದರೆ, ಇತ್ತು ಅಂತಲೂ ಹೇಳಲಾರೆ, ಇರಲಿಲ್ಲ ಅಂತಲೂ ಹೇಳಲಾರೆ. ಮುಗಿದರೆ ಸಾಕು ಅನ್ನುವುದು ಮಾತ್ರ ಇತ್ತು.

ದವಾಖಾನೆಯಲ್ಲಿ ನನ್ನ ಕೆಲಸದ ಅರ್ಧ ಭಾಗ ಹೆಂಗಸರಿಗೆ ಉಣ್ಣಿರಿ ಉಣ್ಣಿರಿ ಅಂತ ಹೇಳುವುದು. ಬಸುರಿಯರ ಬೆರಳು ಚುಚ್ಚಿ ರಕ್ತ ನೋಡುತ್ತೇವೆ, ಕಬ್ಬಿಣದ ಗುಳಿಗೆ ಕೊಡುತ್ತೇವೆ, ಸೊಪ್ಪು ತಿನ್ನಿ, ಶೇಂಗಾ-ಬೆಲ್ಲ ತಿನ್ನಿ ಅನ್ನುತ್ತೇವೆ. ತೋಟದ ಮನೆಯಿಂದ ಬರುತ್ತಿದ್ದ ಒಬ್ಬ ಬಸುರಿ ಹುಡುಗಿ ಇದ್ದಳು. ಮೊದಲ ಬಸಿರು. ಬೆಳ್ಳಗೆ ಬಿಳಿಚಿಕೊಂಡ ಮುಖ, ರೆಪ್ಪೆ ಎಳೆದು ನೋಡಿದರೆ ಒಳಗೆ ಕೆಂಪೇ ಇಲ್ಲ. ಗುಳಿಗೆ ನುಂಗುತ್ತೀಯೇನು ಅಂದರೆ ಹೂಂ ಅನ್ನುತ್ತಾಳೆ. ಮತ್ತೆ ಯಾಕೆ ರಕ್ತ ಏರಿಲ್ಲ ಅಂತ ಒತ್ತಿ ಕೇಳಿದಾಗ ಹೇಳಿದಳು.

"ಸ್ವಾಮಾರ, ಶನಿವಾರ ಒಪ್ಪತ್ತ ಇರತೇನ್ರಿ ಅಕ್ಕಾರ. ಹೆರಿಗಿ ಸಲೀಸ ಆಗತೈತಂತ ನಮ್ಮತ್ತಿ ಹಿಡಿ ಅಂದಾರ."

ನನಗೆ ಸಿಟ್ಟು ಬಂತು. "ಹೊಟ್ಟ್ಯಾಗ ಕೂಸ ಇಟಗೊಂಡ ಯಾರರ ಉಪಾಸ ಮಾಡ್ತಾರೇನವಾ? ನಿಮ್ಮತ್ತಿಗೆ ಹೇಳು, ನರ್ಸಬಾಯಿ ಹಿಂಗ ಅಂದಾರು ಅಂತ. ಯಾ ದೇವರೂ ನಿನಗ ಹಸದ ಇರು ಅಂದಿಲ್ಲ."

ಅವಳು ತಲೆ ಬಗ್ಗಿಸಿ, "ನೀವು ಯಾ ವಾರನೂ ಹಿಡಿಯೂದಿಲ್ರಿ?" ಅಂದಳು.

"ನಾ ಏನ ಬಸರಿ ಅದೇನೇನು?" ಅಂದೆ. ಸುತ್ತ ಕೂತ ಹೆಂಗಸರು ನಕ್ಕರು. ನಾನೂ ನಕ್ಕೆ.

ಅದಾಗಿ ಕೆಲವು ದಿನಕ್ಕೆ ಒಂದು ಗುರುವಾರ. ಗುರುವಾರವೆಂದರೆ ನಮ್ಮಲ್ಲಿ ಮಕ್ಕಳಿಗೆ ಲಸಿಕೆ ಹಾಕುವ ದಿನ. ಇಡೀ ಅಂಗಳ ಕೂಸುಗಳ ಅಳು. ಬೇಸಿಗೆ ಆಗಲೇ ಕಾಲಿಟ್ಟಿತ್ತು, ತಗಡಿನ ಮಾಡಿನ ಕೆಳಗೆ ಸೆಕೆ. ಒಂದು ಕೂಸನ್ನು ತೂಕದ ಜೋಳಿಗೆಯಿಂದ ಎತ್ತಿ ತಾಯಿಯ ಕೈಗೆ ಕೊಡುತ್ತಿದ್ದೆ. ಕೂಸು ಅವಳ ಕೈ ಸೇರಿದ್ದು ಗೊತ್ತು. ಆಮೇಲೆ ಅಳುವೆಲ್ಲ ದೂರ ದೂರ ಸರಿದ ಹಾಗಾಯಿತು, ಕಣ್ಣ ಮುಂದೆ ಕಪ್ಪು ಬಟ್ಟೆ ಎಳೆದ ಹಾಗಾಯಿತು.

ಕಣ್ಣು ಬಿಟ್ಟಾಗ ನೆಲದ ಮೇಲಿದ್ದೆ. ತಲೆ ಯಾರದೋ ತೊಡೆಯ ಮೇಲಿತ್ತು. ತಪಾಸಣೆಗೆ ಬಂದಿದ್ದ ಆ ತೋಟದ ಮನೆಯ ಹುಡುಗಿ, ತುಂಬಿದ ಹೊಟ್ಟೆ ಹೊತ್ತುಕೊಂಡು ನೆಲಕ್ಕೆ ಕೂತು, ತನ್ನ ಸೆರಗಿನಿಂದ ನನಗೆ ಗಾಳಿ ಹಾಕುತ್ತಿದ್ದಳು.

"ಅಕ್ಕಾರ, ಖರೆ ಹೇಳ್ರಿ. ಮುಂಜಾನಿಂದ ಏನ ತಿಂದೀರಿ?"

"ಚಾ ಕುಡದೇನಿ."

"ಚಾ ತಿನ್ನೂದೇನ್ರಿ?"

ಅವಳು ಬಟ್ಟೆಯ ಗಂಟು ಬಿಚ್ಚಿ ರೊಟ್ಟಿ ತೆಗೆದಳು. ಮೇಲೆ ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ. ದವಾಖಾನೆಯಲ್ಲಿ ತಡವಾದರೆ ಇರಲಿ ಅಂತ ಮನೆಯಿಂದ ಕಟ್ಟಿಕೊಂಡು ಬಂದಿದ್ದು.

"ಇವತ್ತ ಬೇಸ್ತಾರ" ಅಂದೆ. ಅದನ್ನು ಯಾಕೆ ಹೇಳಿದೆನೋ, ಬಾಯಿಗೆ ಬಂತು.

ಅವಳು ನನ್ನನ್ನೇ ನೋಡಿದಳು. ಚುಚ್ಚಿ ಮಾತಾಡುವ ಹುಡುಗಿಯಲ್ಲ ಅವಳು. ರೊಟ್ಟಿ ಮುರಿದು ನನ್ನ ಬಾಯಿಯ ಹತ್ತಿರ ಹಿಡಿದು, "ತಿನ್ರಿ ಅಕ್ಕಾರ. ಇಬ್ರೂ ತಿನ್ನೂಣು" ಅಂದಳು. ತಿಂದೆ. ಪುಂಡಿಯ ಹುಳಿಗೆ ಬಾಯಲ್ಲಿ ನೀರೂರಿತು, ಕಣ್ಣಲ್ಲೂ.

ನಮ್ಮ ಡಾಕ್ಟರು ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು. ಬಂದವರೇ ನನ್ನ ಬೆರಳು ಹಿಡಿದು ತಾವೇ ಚುಚ್ಚಿದರು. ಫಲಿತಾಂಶ ಬಂದ ಮೇಲೆ ಅದನ್ನು ನನ್ನ ಮುಂದೆ ಹಿಡಿದರು.

"ಸಿಸ್ಟರ್, ಇದು ಬಸರಿ ಹೆಂಗಸಿನದಾಗಿದ್ರ ನೀವು ಏನ ಮಾಡ್ತಿದ್ರಿ?"

"ಮುಧೋಳದ ದೊಡ್ಡ ದವಾಖಾನಿಗೆ ಕಳಸ್ತಿದ್ದೆ ಮೇಡಮ್."

"ಹಂಗಾದ್ರ ಏಳ್ರಿ, ಹೋಗ್ರಿ."

ಮುಧೋಳದಲ್ಲಿ ಸಲಾಯಿನ್ ಹಚ್ಚಿದರು. ಮಧ್ಯಾಹ್ನದ ಹೊತ್ತಿಗೆ ಯಜಮಾನರು ಮೋಟರ್‌ಸೈಕಲ್ ಮೇಲೆ ಬಂದರು. ಅಂಗಿಯ ಮೇಲೆಲ್ಲ ಹತ್ತಿಯ ಧೂಳು, ಮಗ್ಗ ಬಿಟ್ಟು ಹಾಗೇ ಎದ್ದು ಬಂದಿದ್ದಾರೆ. ಕೈಯಲ್ಲಿ ಎಳನೀರು. ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು ಸಲಾಯಿನ್ ಬಾಟಲಿಯನ್ನೇ ನೋಡುತ್ತಿದ್ದರು.

"ನೀ ಇಷ್ಟೂ ವಾರ ಒಪ್ಪತ್ತ ಇರತೀ ಅಂತ ನನಗ ಗೊತ್ತ ಇರಲಿಲ್ಲ."

"ದಿನಾ ನಿಮ್ಮ ಮುಂದನ ಇದ್ನೆಲ್ರಿ."

"ಅವ್ವ ಪೂಜಿ ಅಷ್ಟ ಕೊಟ್ಟಾಳು ಅನಕೊಂಡಿದ್ದೆ."

ಸಿಟ್ಟಾಗುವುದಕ್ಕೂ ಮೈಯಲ್ಲಿ ಶಕ್ತಿ ಬೇಕು. ಅವರು ಕೆಟ್ಟವರಲ್ಲ. ಮಗ್ಗದ ಸದ್ದಿನಲ್ಲಿ ಇಪ್ಪತ್ತೈದು ವರ್ಷ ಕೂತವರಿಗೆ ಮನೆಯೊಳಗಿನ ಸಣ್ಣ ಸದ್ದುಗಳು ಕೇಳಿಸದೆ ಹೋಗಿರಬೇಕು. ಎಳನೀರು ಕುಡಿಸಿದರು. ಸಂಜೆ ಬೈಕಿನ ಹಿಂದೆ ಕೂರಿಸಿಕೊಂಡು ಹೊರಟಾಗ, "ಗಟ್ಟಿ ಹಿಡಕೋ" ಅಂತ ದಾರಿಯುದ್ದಕ್ಕೂ ಹೇಳುತ್ತಲೇ ಇದ್ದರು.

ಮನೆಗೆ ಬಂದಾಗ ಅತ್ತೆ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಸುದ್ದಿ ಆಗಲೇ ಅವರಿಗೆ ಮುಟ್ಟಿತ್ತು. ನಾನು ಅವರನ್ನು ದಾಟಿ ಒಳಗೆ ಹೋಗಿ ಮಲಗಿದೆ. ದೀಪ ಹಚ್ಚಲಿಲ್ಲ. ಹಚ್ಚಿಲ್ಲ ಎಂಬುದು ನೆನಪಾಯಿತು, ಏಳಲು ಮನಸ್ಸಾಗಲಿಲ್ಲ.

ಬೆಳಿಗ್ಗೆ ಎದ್ದಾಗ ಬಿಸಿಲು ಅಂಗಳಕ್ಕೆ ಬಂದಿತ್ತು. ಮದುವೆಯಾಗಿ ಬಂದ ಮೇಲೆ ಆ ಮನೆಯಲ್ಲಿ ಅಷ್ಟು ಹೊತ್ತು ಮಲಗಿದ್ದು ನೆನಪಿಲ್ಲ. ಶುಕ್ರವಾರ. ಗಾಬರಿಯಿಂದ ಎದ್ದು ದೇವರ ಮನೆಯ ಕಡೆ ಹೋದರೆ, ಬಚ್ಚಲಿನಿಂದ ಅಲ್ಲಿಯವರೆಗೆ ನೆಲದ ಮೇಲೆ ನೀರಿನ ಅಗಲವಾದ ಗೆರೆ. ಅತ್ತೆ ಒದ್ದೆ ಸೀರೆಯಲ್ಲೇ ಕೂತಲ್ಲೇ ಸರಿದುಕೊಂಡು ದೇವರ ಮುಂದೆ ಬಂದಿದ್ದರು. ತಣ್ಣೀರು ತಾವೇ ಸುರಿದುಕೊಂಡಿದ್ದಾರೆ. ಬನಶಂಕರಿಗೆ ಕುಂಕುಮ ಹಚ್ಚಲು ಹೋಗಿ ಅರ್ಧ ಕುಂಕುಮ ನೆಲಕ್ಕೆ ಚೆಲ್ಲಿದೆ.

"ಏನ್ ಮಾಡಾಕತ್ತೀರಿ ಅತ್ತಿ? ಮತ್ತ ಜಾರಿದ್ರ?" ನನ್ನ ದನಿ ನನಗೇ ಒರಟಾಗಿ ಕೇಳಿಸಿತು. "ನೀವು ಬಿದ್ರ ನಾನ ಎತ್ತಬೇಕ್ರಿ. ನನ್ನ ಕಡೆ ಈಗ ಆಗೂದಿಲ್ರಿ."

"ನೀ ಎತ್ತೂದ ಬ್ಯಾಡ. ಅಂವನ್ನ ಕರಿ, ಅಂವ ಎತ್ತಲಿ." ಅವರು ನನ್ನ ಕಡೆ ತಿರುಗಲಿಲ್ಲ. "ನನ್ನ ವಾರ ನನಗ ಕೊಡು."

"ಕೊಟ್ಟದ್ದನ್ನ ತಿರುಗಿ ಕೇಳ್ತಾರೇನ್ರಿ?"

"ಕೇಳ್ತೇನಿ. ನಾ ಎಲ್ಲಾ ಒಮ್ಮೆ ನಿನ್ನ ಮ್ಯಾಲ ಹೇರೀನಿ. ನಾ ಹಂಗ ಒಮ್ಮೆ ಹಿಡದಿದ್ದಲ್ಲ ಬೇ, ಒಂದೊಂದಾ ಹಿಡದಿದ್ದು."

ಒಣಗಿದ ಸೀರೆ ತಂದು ಅವರಿಗೆ ಸುತ್ತಿದೆ. ತಲೆ ಒರೆಸಿದೆ. ಒರೆಸುತ್ತಿದ್ದಾಗ ಅವರು ಹೇಳತೊಡಗಿದರು. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ನಾನು ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಮನೆಯಲ್ಲಿ ಮೊದಲಿನಿಂದ ಇದ್ದದ್ದು ಸೋಮವಾರ ಮತ್ತು ಶುಕ್ರವಾರ, ಅವರ ಅತ್ತೆಯಿಂದ ಬಂದದ್ದು. ಉಳಿದದ್ದು ಇವರೇ ಕೂಡಿಸಿಕೊಂಡದ್ದು. ಯಜಮಾನರು ಸಣ್ಣವರಿದ್ದಾಗ ವಿಷಮಜ್ವರ ಬಂದು ಮೈಮೇಲೆ ಎಚ್ಚರವಿಲ್ಲದೆ ಮಲಗಿದ್ದರಂತೆ. ಆವಾಗ ಶನಿವಾರ ಹಿಡಿದರು. ಮಾವ ಕುಡಿಯತೊಡಗಿದಾಗ, ಯಾರೋ ಹೇಳಿದರು ಅಂತ ಗುರುವಾರ.

"ಮಾವಾರ ಬಿಟ್ರೇನ್ರಿ?"

"ಎಲ್ಲಿ ಬಿಟ್ರು? ಸಾಯೂತನಕ ಕುಡದ್ರು. ವಾರ ಬಿಡಾಕ ನನಗ ಅಂಜಿಕಿ. ಬಿಟ್ರ ಇನ್ನೂ ಹೆಚ್ಚ ಕುಡೀತಾರೇನೋ ಅಂತ."

ನನಗೆ ನಗು ಬಂತು. ಅವರಿಗೂ ಬಂತು. ಇಬ್ಬರೂ ಸ್ವಲ್ಪ ನಕ್ಕೆವು. ಗೋಡೆಯಾಚೆ ಮಗ್ಗ ಓಡುತ್ತಿತ್ತು.

"ಮಂಗಳಾರ?" ಅಂದೆ.

"ನಿನ್ನ ಗಂಡಗ ಒಬ್ಬಾಕಿ ಅಕ್ಕ ಇದ್ಲು" ಅಂದರು. "ತೊಟ್ಟಿಲದಾಗ ಹೋದ್ಲು. ದ್ಯಾಮವ್ವನ ಗುಡಿ ಮುಂದ ಹೋಗಿ ನಿಂತ ಬೈದೆ. ಕೈಯಾಗ ಮಣ್ಣ ತಗೊಂಡ ತೂರಿದೆ. ಮುಂದ ಅಂವ ಹೊಟ್ಟ್ಯಾಗ ನಿಂತಾಗ ಅಂಜಿಕಿ ಆತು, ಬೈದಾಕಿ ನಾನು, ಆಕಿ ನೆನಪ ಇಟಗೊಂಡ್ರ ಏನ ಮಾಡ್ಲಿ ಅಂತ. ಅವತ್ತ ಹಿಡದೆ ಮಂಗಳಾರ." ನನ್ನ ಕೈಯಿಂದ ಟವೆಲು ತೆಗೆದುಕೊಂಡು ತಾವೇ ಮುಖ ಒರೆಸಿಕೊಂಡರು. "ದೇವರು ಯಾರೂ ನನ್ನ ಕೇಳಿಲ್ಲ ಬೇ. ಅಂಜಿಕಿ ಆದಾಗೊಮ್ಮೆ ನಾನ ಒಂದೊಂದ ವಾರ ಹಿಡಕೋತ ಬಂದೆ. ಮೊನಕಾಲ ಹೋತು, ಸೊಂಟ ಹೋತು, ಅಂಜಿಕಿ ಹೋಗಲಿಲ್ಲ. ಅದನ್ನ ನಿನಗ ಕೊಟ್ಟೆ."

ನಾನು ಅವರ ಪಕ್ಕದಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಬೈಯಬೇಕು ಅಂದುಕೊಂಡಿದ್ದ ಮಾತೆಲ್ಲ ಎಲ್ಲೋ ಹೋಯಿತು. ಅವರೇ ಆರತಿ ಎತ್ತಿದರು. ದೇವಿಯ ಮುಂದಿಟ್ಟಿದ್ದ ಬೆಲ್ಲದ ತುಂಡನ್ನು ನನ್ನ ಬಾಯಿಗೆ ಹಾಕಿ, "ಹೋಗು, ರೊಟ್ಟಿ ಮಾಡಾಕ ಬಾಜೂ ಮನ್ಯಾಕಿನ್ನ ಕರದೇನಿ, ಬರತಾಳ. ನೀ ಉಂಡ ಮಲಕೋ" ಅಂದರು.

ಮರುದಿನ ಶನಿವಾರ. ಬೆಳಿಗ್ಗೆ ಅತ್ತೆ ಮಗನನ್ನು ಕರೆದು ಆಟೋ ತರಿಸು ಅಂದರು. ಯಾಕೆ ಅಂದರೆ ಹೇಳಲಿಲ್ಲ. ನನಗೆ ಅವರನ್ನು ಒಬ್ಬರನ್ನೇ ಕಳಿಸುವ ಧೈರ್ಯವಾಗಲಿಲ್ಲ. ಮೂವರೂ ಹೋದೆವು. ಹನುಮಪ್ಪನ ಗುಡಿಯಲ್ಲಿ ಜನ ಹೆಚ್ಚಿರಲಿಲ್ಲ. ಯಜಮಾನರು ತಾಯಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಗರ್ಭಗುಡಿಯ ಎದುರಿನ ಕಂಬಕ್ಕೆ ಒರಗಿಸಿ ಕೂರಿಸಿದರು. ಎತ್ತಿದ್ದಕ್ಕೆ ಅವರಿಗೇ ಏದುಸಿರು ಬಂದಿತ್ತು. ಹೊಟ್ಟೆ ಬಂದಿದೆ, ಕೂದಲು ನೆರೆತಿದೆ.

ಅತ್ತೆ ಎಣ್ಣೆಯ ಬಾಟಲಿಯನ್ನು ಪೂಜಾರಿಗೆ ಕೊಡಿಸಿ, ಕೈ ಮುಗಿದು, ಮನೆಯಲ್ಲಿ ಯಾರ ಜೊತೆಯೋ ಮಾತಾಡುವ ಹಾಗೆ ಗಟ್ಟಿಯಾಗಿ ಹೇಳಿದರು.

"ಹನಮಪ್ಪಾ, ಇಲ್ಲಿ ನೋಡು, ನನ್ನ ಮಗಾ ನಿಂತಾನ. ಜ್ವರ ಬಂದಾಂವ ಅಜ್ಜ ಆಗೂ ವಯಸ್ಸಿಗೆ ಬಂದಾನ. ಇಷ್ಟ ವರ್ಷ ಕಾದಿ. ಇನ್ನ ನನ್ನ ಸೊಸಿ ನಿನ್ನ ಸಲುವಾಗಿ ಹಸದ ಇರೂದಿಲ್ಲ. ಬಂದಾಗ ಬರತಾಳ, ಬರಲಿಲ್ಲಂದ್ರ ಸಿಟ್ಟ ಮಾಡಕೋಬ್ಯಾಡ. ಸಿಟ್ಟ ಬಂದ್ರ ನನ್ನ ಮ್ಯಾಲ ಮಾಡು."

ಪೂಜಾರಿ ಮಂಗಳಾರತಿಯ ತಟ್ಟೆ ಹಿಡಿದು ಹಾಗೇ ನಿಂತಿದ್ದ. ಯಜಮಾನರು ಆ ಕಡೆ ಮುಖ ತಿರುಗಿಸಿಕೊಂಡು ಕಣ್ಣು ಒರೆಸಿಕೊಂಡರು. ಶನಿವಾರ ತಮ್ಮ ಹೆಸರಿನದು ಎಂಬುದು ಅವರಿಗೂ ಅವತ್ತೇ ಗೊತ್ತಾದದ್ದು.

ಎಲ್ಲ ಮುಗಿಯಿತು, ಎತ್ತಿಕೊಳ್ಳಿ ಅಂತ ನಾನು ಅನ್ನುವಷ್ಟರಲ್ಲಿ ಅತ್ತೆ ನನ್ನ ಸೆರಗು ಹಿಡಿದು ಜಗ್ಗಿದರು. ದನಿ ಸಣ್ಣದು ಮಾಡಿ, "ನಿನಗ ರಕ್ತ ಇಲ್ಲಂದಾರ. ನಿನ್ನ ಹೆಸರಲೆ ನಾ ಇಲ್ಲೇ ಒಂದ ವಾರ ಬೇಡಕೊಳ್ಳೇನು? ಬುಧವಾರ ಹ್ಯಾಂಗೂ ಖಾಲಿ ಐತಿ" ಅಂದರು.

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. "ಬ್ಯಾಡ್ರಿ ಅತ್ತಿ" ಅಂದೆ. "ನಾ ಗುಳಿಗಿ ನುಂಗತೇನಿ. ನೀವು ಏನೂ ಹಿಡೀಬ್ಯಾಡ್ರಿ."

"ಗುಳಿಗಿ ನುಂಗು, ಯಾರ ಬ್ಯಾಡ ಅಂದಾರು. ನನಗ ಸಮಾಧಾನ ಆಗಬೇಕಲ್ಲ."

"ನಿಮಗ ಅಂಜಿಕಿ ಆದ್ರ ನನಗ ಹೇಳ್ರಿ. ದೇವರಿಗೆ ಹೇಳಬ್ಯಾಡ್ರಿ."

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಮಗನ ಕಡೆ ತಿರುಗಿ, "ಎತ್ತಪಾ, ಹೋಗೂಣು" ಅಂದರು. ಬುಧವಾರ ಹಿಡಿಯಲಿಲ್ಲ. ನನಗೆ ಗೊತ್ತಿದ್ದಷ್ಟು ಹಿಡಿಯಲಿಲ್ಲ. ಬುಧವಾರಗಳಲ್ಲಿ ಅವರ ತಾಟನ್ನು ನಾನು ಇವತ್ತಿಗೂ ಕಣ್ಣಿಟ್ಟು ನೋಡುತ್ತೇನೆ.

ಗುರುವಾರವನ್ನು ಅವರೇ ಬಿಡಿಸಿದರು. ಕುಡಿಯುವವರೇ ಹೋದ ಮೇಲೆ ಯಾರಿಗಾಗಿ ಅಂದರು. ಮಂಗಳವಾರವನ್ನು ಮಾತ್ರ ಯಾರಿಗೂ ಕೊಡುವುದಿಲ್ಲ ಅಂದರು. ಆ ದಿನ ಒಂದು ಬಾಳೆಹಣ್ಣು, ಒಂದು ಲೋಟ ಹಾಲು. ಮಂಚದ ಮೇಲೆ ಕೂತೇ ಖಣ, ಅರಿಶಿನ, ಕುಂಕುಮ ಜೋಡಿಸಿ ಕೊಡುತ್ತಾರೆ, ಯಜಮಾನರು ಗುಡಿಗೆ ಒಯ್ದು ಕೊಟ್ಟು ಬರುತ್ತಾರೆ. ಗಂಡಸು ದೇವಿಗೆ ಉಡಿಯ ಸಾಮಾನು ಹೊತ್ತುಕೊಂಡು ಹೋಗುವುದನ್ನು ನೋಡಿ ಮೊದಲು ಓಣಿಯವರು ನಗುತ್ತಿದ್ದರು. ಸೋಮವಾರ, ಶುಕ್ರವಾರ ನನ್ನ ಹತ್ತಿರ ಉಳಿದವು, ಉಪವಾಸ ಬಿಟ್ಟು. ಉಂಡ ಹೊಟ್ಟೆಯಲ್ಲೇ ದೀಪ ಹಚ್ಚುತ್ತೇನೆ.

ರಕ್ತ ನಿಧಾನಕ್ಕೆ ಏರಿತು. ಡಾಕ್ಟರು ಬೆರಳು ಚುಚ್ಚಿದಾಗೆಲ್ಲ ಪರವಾಗಿಲ್ಲ ಸಿಸ್ಟರ್ ಅನ್ನುತ್ತಾರೆ. ದಣಿವು ಮಾತ್ರ ಪೂರ್ತಿ ಹೋಗಲಿಲ್ಲ. ಉಪವಾಸ ಬಿಟ್ಟರೆ ಮೈ ಹಗುರಾಗುತ್ತದೆ ಅಂದುಕೊಂಡಿದ್ದೆ. ಬಸ್ಸುಗಳು ಅವೇ, ರಸ್ತೆಯ ಮೇಲಿನ ಕಬ್ಬು ಅದೇ, ಬೆಳಿಗ್ಗೆ ಎತ್ತಿ ಕೂರಿಸಬೇಕಾದ ಅತ್ತೆಯ ಭಾರ ಅದೇ. ದಣಿವಿಗೆ ಬೇರೆ ಬೇರುಗಳೂ ಇವೆ ಅಂತ ಕಾಣುತ್ತದೆ. ಈಗ ಅದನ್ನು ಬಾಯಿ ಬಿಟ್ಟು ಹೇಳುತ್ತೇನೆ, ಅಷ್ಟೇ ಹೊಸದು. "ಇವತ್ತ ಆಗೂದಿಲ್ಲ" ಅಂದರೆ ಮನೆಯಲ್ಲಿ ಯಾರೂ ಯಾಕೆ ಅನ್ನುವುದಿಲ್ಲ. ಯಜಮಾನರು ಉಪ್ಪಿಟ್ಟು ಮಾಡಲು ಕಲಿತಿದ್ದಾರೆ. ಉಪ್ಪು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ.

ಮೊನ್ನೆ ಶುಕ್ರವಾರ ಸಂಜೆ ಕೆಲಸದಿಂದ ಬಂದು ಕೈಕಾಲು ತೊಳೆದು ದೇವರ ಮುಂದೆ ಕೂತೆ. ಅತ್ತೆಯನ್ನೂ ಕರೆತಂದು ಪಕ್ಕದಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದೆ. ದೀಪ ಹಚ್ಚಿದ್ದು ನೆನಪಿದೆ, ಹೂ ಏರಿಸಿದ್ದೂ ನೆನಪಿದೆ. ಅತ್ತೆ ಹಳೆಯ ಒಂದು ಹಾಡನ್ನು ಬಾಯೊಳಗೇ ಗುನುಗುತ್ತಿದ್ದರು, ಗುನುಗು ನಿಂತಿತು. ಅವರ ತಲೆ ನನ್ನ ಹೆಗಲ ಮೇಲೆ ಬಂತು. ಅಲುಗಿದರೆ ಎಚ್ಚರವಾದೀತು ಅಂತ ಅಲುಗದೆ ಕೂತೆ. ಹಾಗೇ ನನಗೂ ಕಣ್ಣು ಹತ್ತಿತು.

ಎಚ್ಚರವಾದದ್ದು ಅತ್ತೆ ತಲೆ ಎತ್ತಿದಾಗ. ಎಣ್ಣೆ ತೀರುತ್ತ ಬಂದು ದೀಪ ಸಣ್ಣದಾಗಿತ್ತು. ಬನಶಂಕರಿಯ ಮೇಲಿನ ಸೇವಂತಿಗೆ ಒಂದು ಬದಿಗೆ ಜಾರಿತ್ತು. ಅತ್ತೆ ಅದನ್ನು ನೋಡಿ, ನನ್ನನ್ನು ನೋಡಿ, "ಆರತಿ ಆತೇನು?" ಅಂದರು.

ಆಗಿತ್ತೋ ಇಲ್ಲವೋ ನನಗೂ ಗೊತ್ತಿರಲಿಲ್ಲ.

"ಆತ್ರಿ" ಅಂದೆ.

"ಹಂಗಾದ್ರ ಉಣ್ಣೂಣು ನಡಿ. ಹೊಟ್ಟಿ ಭಾಳ ಹಸದೈತಿ" ಅಂದರು, ಏಳಲು ನನ್ನ ಕಡೆ ಕೈ ಚಾಚಿದರು.